ಜೋರು ಬೇಡ, ಹತ್ತಿರ ಬೇಕು

ಪಕ್ಕದ ಮನೆಯ ಅಜ್ಜಿ ಮೊನ್ನೆ ಆಡಿದ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಇಲ್ಲಿ ಬ್ರಿಟನ್ನಿನಲ್ಲಿ ನಾವು ಕನ್ನಡದವರು ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುವ ಹಾಲ್ ರಿಪೇರಿಯಲ್ಲಿದೆ. ಕಿವಿ ಮಂದ ಇರುವವರಿಗೆ ಅಲ್ಲಿ ಏನು ವ್ಯವಸ್ಥೆ ಮಾಡಬೇಕು ಅಂತ ಚರ್ಚಿಸಲು ಹಾಲ್ ಬಳಸುವವರನ್ನೆಲ್ಲ ಕರೆದಿದ್ದರು. ನಮ್ಮ ಗುಂಪಿನಿಂದ ನಾನು ಹೋಗಿದ್ದೆ. "ಇನ್ನೆರಡು ಸ್ಪೀಕರ್ ಹಾಕಿ ಸೌಂಡ್ ಜಾಸ್ತಿ ಮಾಡಿದರೆ ಆಯ್ತಲ್ವಾ?" ಅಂದರು ಒಬ್ಬರು. ಅಜ್ಜಿ ಎದ್ದು ನಿಂತು, "ನನಗೆ ಜೋರು ಬೇಡ, ಹತ್ತಿರ ಬೇಕು" ಅಂದರು.

ಅವರ ಎರಡೂ ಕಿವಿಗೆ ಮಶೀನಿದೆ. ಎದುರಿಗೆ ಕೂತು ಮಾತಾಡಿದರೆ ಚೆನ್ನಾಗಿ ಕೇಳುತ್ತದೆ. ಹಾಲಿನ ಹಿಂದಿನ ಸಾಲಿಗೆ ಹೋದರೆ ಕಥೆ ಬೇರೆ. ಕುರ್ಚಿ ಎಳೆದ ಸದ್ದು, ಪಕ್ಕದವರ ಕೆಮ್ಮು, ಗೋಡೆಗೆ ಬಡಿದು ಬರುವ ಪ್ರತಿಧ್ವನಿ, ಎಲ್ಲವನ್ನೂ ಮಶೀನು ಒಟ್ಟಿಗೇ ದೊಡ್ಡದು ಮಾಡುತ್ತದೆ. ವೇದಿಕೆಯ ಮಾತು ಅದರಲ್ಲಿ ಕಲಸಿಹೋಗುತ್ತದೆ. ಸ್ಪೀಕರ್ ಜೋರು ಮಾಡಿದರೆ ಪ್ರತಿಧ್ವನಿಯೂ ಜೋರಾಗುತ್ತದೆ, ಅಷ್ಟೇ.

ಇದಕ್ಕೆ ಇಲ್ಲಿ ಹಳೆಯ ಉಪಾಯವೊಂದಿದೆ, ಹಿಯರಿಂಗ್ ಲೂಪ್. ಕೋಣೆಯ ಸುತ್ತ ಒಂದು ತಂತಿ ಎಳೆದು ಅದನ್ನು ಮೈಕಿನ ಮಾತು ಬರುವ ಲೂಪ್ ಆಂಪ್ಲಿಫೈಯರಿಗೆ ಜೋಡಿಸುತ್ತಾರೆ. ಮಾತು ಕಾಂತಕ್ಷೇತ್ರವಾಗಿ ಕೋಣೆಯಲ್ಲಿ ಹರಡುತ್ತದೆ. ಮಶೀನಿನೊಳಗಿನ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಅದನ್ನು ಹಿಡಿದು ನೇರ ಕಿವಿಗೆ ಕೊಡುತ್ತದೆ. ಕೂತವರು ಮಶೀನನ್ನು ಟೆಲಿಕಾಯಿಲಿನ 'ಟಿ' ಸೆಟ್ಟಿಂಗಿಗೆ ಹಾಕಿಕೊಂಡರೆ ಸಾಕು. ಬ್ರಿಟನ್ನಿನಲ್ಲಿ ಇದಕ್ಕೆ ಪೇಟೆಂಟ್ ಆದದ್ದು 1937ರಲ್ಲಿ, ಜೋಸೆಫ್ ಪೋಲಿಯಕಾಫ್ ಹೆಸರಿನಲ್ಲಿ. ಈಗ ಚರ್ಚು, ಥಿಯೇಟರು, ಅಂಚೆ ಕಚೇರಿಯ ಕೌಂಟರು, ಲಂಡನ್ನಿನ ಕಪ್ಪು ಟ್ಯಾಕ್ಸಿಯೊಳಗೂ ಕಿವಿ ಮತ್ತು 'ಟಿ' ಇರುವ ನೀಲಿ ಬೋರ್ಡು ಕಾಣುತ್ತದೆ.

ಸಭೆಯಲ್ಲಿ ಬೇರೆ ದಾರಿಗಳೂ ಬಂದವು. ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಮಾತು ಕಳಿಸುವ ವಿಧಾನ, ಗೋಡೆ ದಾಟುವುದಿಲ್ಲ. ಹೊರಗಿನವರಿಗೆ ಕೇಳಬಾರದ ಕೋರ್ಟಿನಂಥ ಜಾಗಕ್ಕೆ ಅದು ಒಳ್ಳೆಯದು, ಆದರೆ ಬಿಸಿಲು ಬಿದ್ದಲ್ಲಿ ಕೈಕೊಡುತ್ತದೆ. ರೇಡಿಯೊ ಅಲೆಯಲ್ಲಿ ಕಳಿಸುವ ಎಫ್‌ಎಂ ಬಯಲಿಗೂ ಆಗುತ್ತದೆ. ಎರಡಕ್ಕೂ ಬಾಗಿಲಲ್ಲಿ ರಿಸೀವರ್ ಇಸಿದುಕೊಳ್ಳಬೇಕು. ಅದನ್ನು ಯಾರೋ ಚಾರ್ಜ್ ಮಾಡಿಟ್ಟಿರಬೇಕು. ಫೋನಿಗೆ ಮಾತು ಕಳಿಸುವ ವೈಫೈ ಆ್ಯಪ್ ಅಗ್ಗ, ಆದರೆ ಮಾತು ಸ್ವಲ್ಪ ತಡವಾಗಿ ಬಂದರೂ ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಕಷ್ಟ. 2022ರಲ್ಲಿ ಘೋಷಣೆಯಾದ ಬ್ಲೂಟೂತಿನ ಆರಾಕ್ಯಾಸ್ಟ್ (ಒಂದೇ ಕಡೆಯಿಂದ ಎಷ್ಟೋ ಮಶೀನುಗಳಿಗೆ ಒಟ್ಟಿಗೆ ಮಾತು ಕಳಿಸುವ ವಿಧಾನ) ಬಗ್ಗೆ ನನಗೆ ಆಸೆಯಿದೆ, ಆದರೆ ಹಳೇ ಮಶೀನುಗಳು ಅದನ್ನು ಹಿಡಿಯಲಾರವು. ಕಿವಿಯೊಳಗೆ ಅಡಗಿ ಕೂರುವ ಚಿಕ್ಕ ಮಶೀನುಗಳಲ್ಲಿ ಎಷ್ಟೋ ಸಲ ಟೆಲಿಕಾಯಿಲ್ಲೂ ಇರುವುದಿಲ್ಲ. ಹಾಗಾಗಿ ಕೊನೆಗೆ ಲೂಪ್, ಜೊತೆಗೆ ಟೆಲಿಕಾಯಿಲ್ ಇಲ್ಲದವರಿಗೆ ಕೆಲವು ರಿಸೀವರ್ ಅಂತ ಆಯಿತು.

ನಾನು ಲೂಪಿನ ಕಡೆಗೇ ಕೈ ಎತ್ತಿದ್ದು. ರಿಸೀವರ್ ಬೇಕಾದರೆ ಕೌಂಟರಿನಲ್ಲಿ ನಿಂತು "ನನಗೆ ಕಿವಿ ಕೇಳಲ್ಲ" ಅನ್ನಬೇಕು. ಆ ಮಾತು ಎಷ್ಟು ಭಾರ ಅಂತ ನಮ್ಮ ಅಪ್ಪಯ್ಯನನ್ನು ನೋಡಿ ಬಲ್ಲೆ.

ಅಪ್ಪಯ್ಯನಿಗೆ ತಾಳಮದ್ದಳೆ ಅಂದರೆ ಜೀವ. ಊರಿನ ಕಡೆ, ಸಿದ್ದಾಪುರದ ಆಸುಪಾಸಿನಲ್ಲಿ ಎಲ್ಲೇ ಆದರೂ ಮುಂದಿನ ಕಂಬಳಿಯ ಮೇಲೆ ಅವರಿರುತ್ತಿದ್ದರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೃಷ್ಣನೂ ಕರ್ಣನೂ ಪಂಚೆ ಉಟ್ಟು ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಆ ಮಾತಿಗೇ ಅರ್ಥ ಅನ್ನುವುದು. ಮಾತು ಕೇಳದಿದ್ದರೆ ನೋಡಲು ಏನೂ ಇಲ್ಲ. ಕ್ರಮೇಣ ಅವರು ಹೋಗುವುದನ್ನು ಬಿಟ್ಟರು. "ಈಗಿನವರ ಅರ್ಥದಲ್ಲಿ ರಸವೇ ಇಲ್ಲೆ" ಅನ್ನುತ್ತಿದ್ದರು. ಮಶೀನು ಕಪಾಟಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇರುತ್ತಿತ್ತು. ಹಾಕಿಕೊಂಡರೆ ಮದ್ದಳೆ ಮಾತ್ರ ತಲೆಗೆ ಹೊಡೆಯುತ್ತದೆ ಅಂತ ಆಯಿಯ ಹತ್ತಿರ ಹೇಳಿಕೊಂಡಿದ್ದರಂತೆ.

ನಮ್ಮಲ್ಲಿ ತಿಳಿದವರು ಇಲ್ಲ ಅಂತಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾಂಸ್ಕೃತಿಕ ಬದುಕಿನ ಹಕ್ಕನ್ನೂ ಒಪ್ಪಿಕೊಂಡಿದೆ. ಆದರೂ ಊರಿನ ಸಭಾಭವನದಲ್ಲಿ ಎಸಿಗೆ, ಗ್ರಾನೈಟಿಗೆ ದುಡ್ಡು ಹುಟ್ಟುತ್ತದೆ. ಕಿವಿಯ ವಿಷಯ ಬಂದರೆ ಮೈಕಿನವನಿಗೆ "ಸೌಂಡ್ ಕೊಡೋ" ಅಂದು ಕೈ ತೊಳೆದುಕೊಳ್ಳುತ್ತೇವೆ. ನನಗೆ ಇದು ನೋವಿನ ಸಂಗತಿ.

ನಮ್ಮೂರ ದೇವಸ್ಥಾನದ ಸಭಾಭವನ ಈಗ ಹೊಸದಾಗಿ ಏಳುತ್ತಿದೆ. ಕಮಿಟಿಯಲ್ಲಿ ಚಿಕ್ಕಪ್ಪನ ಮಗ ಇದ್ದಾನೆ. ಅಲ್ಲೂ ಲೂಪ್ ಹಾಕಿಸಿ ಅಂತ ಅವನಿಗೆ ಫೋನ್ ಮಾಡಿದೆ. "ಅಂಥವರು ಎಷ್ಟು ಜನ ಬರ್ತಾರೆ ಅಣ್ಣಾ?" ಅಂದ. ಕೇಳದೇ ಇರುವುದಕ್ಕೇ ಅವರು ಬರುತ್ತಿಲ್ಲ ಅಂದೆ. ತನ್ನ ದೊಡ್ಡಪ್ಪನ, ಅಂದರೆ ನಮ್ಮ ಅಪ್ಪಯ್ಯನ ನೆನಪಾಯಿತೋ ಏನೋ, ಸುಮ್ಮನಾದ. ಟೈಲ್ಸ್ ಹಾಕುವ ಮೊದಲೇ ತಂತಿ ಎಳೆದರೆ ಆಮೇಲೆ ನೆಲ ಕೀಳುವ ಕೆಲಸ ಇರುವುದಿಲ್ಲ. ಆದರೆ ಕಾಂಕ್ರೀಟಿನ ಕಬ್ಬಿಣ ಲೂಪಿನ ಬಲ ತಗ್ಗಿಸುತ್ತದೆ. ಅದಕ್ಕೇ ಮೊದಲು ಸುಮ್ನೆ ನೆಲದ ಮೇಲೆ ತಂತಿ ಹಾಸಿ ನೋಡಿ ಅಂದಿದ್ದೇನೆ. ಆ ದಿನ ಟೆಲಿಕಾಯಿಲ್ ಮಶೀನು ಹಾಕುವ ಒಂದಿಬ್ಬರನ್ನು ಕರೆದು ಮುಂದೆ, ಹಿಂದೆ, ಮೂಲೆಯಲ್ಲಿ ಕೂರಿಸಬೇಕು. ಅವರು ಸರಿ ಅಂದಮೇಲೆಯೇ ಕಂಟ್ರಾಕ್ಟರಿಗೆ ದುಡ್ಡು ಕೊಡಿ ಅಂತಲೂ ಹೇಳಿದ್ದೇನೆ.