ಕಾಡ್ಗಿಚ್ಚಿನ ಹೊಗೆ ಹೊಕ್ಕ ಮನೆ: ಶುಚಿ ಕೆಲಸದ ದಿನಚರಿ, 1ರಿಂದ 6ನೇ ದಿನ

ಮನೆಗೆ ಬೆಂಕಿ ತಗುಲಿಲ್ಲ. ಗಾಳಿಗೆ ಹಾರಿಬಂದ ಬೂದಿ ಕಿಟಕಿ ಸಂದುಗಳಿಂದ ಒಳಹೊಕ್ಕಿದೆ, ಗೋಡೆ, ಪರದೆ, ಹಾಸಿಗೆಗಳಲ್ಲಿ ಹೊಗೆ ಕೂತಿದೆ. ಸುತ್ತಮುತ್ತ ಕಟ್ಟಡಗಳೂ ಸುಟ್ಟಿದ್ದರೆ ಲೆಕ್ಕವೇ ಬೇರೆ: ಆ ಬೂದಿಯಲ್ಲಿ ಸೀಸ, ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಕೈಹಾಕುವಂತಿಲ್ಲ.

ದಿನ 1. ಒರೆಸುವ ಕೆಲಸ ಏನೂ ಇಲ್ಲ. ಹೊರಗಿನ ಹೊಗೆ ಇಳಿಯುವ ಮುನ್ನ ಒರೆಸಿದರೆ ನಾಳೆ ಮತ್ತೆ ಅದೇ ಪಾಡು. ಕಿಟಕಿಗಳನ್ನು ಮುಚ್ಚಿ ಏರ್ ಪ್ಯೂರಿಫೈಯರ್ ಓಡಿಸಿದ್ದಷ್ಟೇ. 12 ಅಡಿ ಉದ್ದ, 12 ಅಡಿ ಅಗಲ, 9 ಅಡಿ ಎತ್ತರದ ಕೋಣೆ ಅಂದರೆ 1,296 ಘನ ಅಡಿ. ಪ್ಯೂರಿಫೈಯರ್‌ನ ಸಿಎಡಿಆರ್, ಅಂದರೆ ಸೋಸಿದ ಗಾಳಿ ಕೊಡುವ ಪ್ರಮಾಣ, ನಿಮಿಷಕ್ಕೆ 200 ಘನ ಅಡಿ ಇದ್ದರೆ ಕೋಣೆಯ ಅಷ್ಟೂ ಗಾಳಿ ಗಂಟೆಗೆ 9 ಸಲ ಸೋಸಿದಂತೆ. ಆದರೆ ಡಬ್ಬಿಯ ಮೇಲೆ ಬರೆದಿರುವುದು ಅತಿ ಹೆಚ್ಚಿನ ವೇಗದ ಅಂಕಿ. ಸದ್ದಿಲ್ಲದ ರಾತ್ರಿ ವೇಗದಲ್ಲಿಟ್ಟು ಇದೇ ಲೆಕ್ಕ ಹಿಡಿದರೆ ಮೋಸ ಹೋದಂತೆ.

ಎರಡನೇ ಕೋಣೆಗೆ 2020ರಲ್ಲಿ ಹೆಸರಾದ ಕೋರ್ಸಿ-ರೋಸೆಂತಾಲ್ ಪೆಟ್ಟಿಗೆ, ಅಂದರೆ ಮನೆಯಲ್ಲೇ ಕಟ್ಟಿಕೊಳ್ಳುವ ಏರ್ ಪ್ಯೂರಿಫೈಯರ್. 20 ಇಂಚಿನ ಬಾಕ್ಸ್ ಫ್ಯಾನ್ ಒಂದು, 20 ಇಂಚು ಚೌಕದ ಮರ್ವ್ 13 (ಕಣ ಹಿಡಿಯುವ ಸಾಮರ್ಥ್ಯದ ದರ್ಜೆ) ಫಿಲ್ಟರ್ ನಾಲ್ಕು, ತಳಕ್ಕೆ ರಟ್ಟು, ಸಂದುಗಳಿಗೆ ಡಕ್ಟ್ ಟೇಪ್. ಫಿಲ್ಟರಿನ ಬಾಣಗಳು ಪೆಟ್ಟಿಗೆಯ ಒಳಕ್ಕೆ, ಮೇಲೆ ಕೂತ ಫ್ಯಾನಿನ ಗಾಳಿ ಮೇಲಕ್ಕೆ. ಫ್ಯಾನಿನ ನಾಲ್ಕು ಮೂಲೆಗಳನ್ನು ರಟ್ಟಿನಿಂದ ಮುಚ್ಚಿ ನಡುವೆ ದುಂಡನೆ ತೆರಪು ಬಿಡಬೇಕು. ಮೂಲೆಗಳನ್ನು ಮುಚ್ಚದೆ ಬಿಟ್ಟರೆ ಅಲ್ಲಿಂದ ಗಾಳಿ ಹಿಂದಕ್ಕೆ ಎಳೆದುಕೊಂಡು ಸೋಸುವ ಪ್ರಮಾಣ ಇಳಿಯುತ್ತದೆ.

ದಿನ 2. ಹೊರಗೆ ಗಾಳಿ ತಿಳಿಯಾಗಿದೆ. ಮೊದಲು ಹೊರಾಂಗಣ: ಇಲ್ಲಿ ಉಳಿದ ಬೂದಿ ಚಪ್ಪಲಿಗೆ ಅಂಟಿ ಒಳಬರುತ್ತದೆ. ನೀರನ್ನು ತೆಳ್ಳಗೆ ಚಿಮುಕಿಸಿ, ಬೂದಿ ಒದ್ದೆಯಾದ ಮೇಲೆ ಬಳಿದು ಚೀಲಕ್ಕೆ ಹಾಕಿದ್ದು. ಬ್ಲೋವರ್ ಬೇಡ, ರಭಸದ ನೀರೂ ಬೇಡ. ಬೂದಿ ಕ್ಷಾರ, ಒದ್ದೆ ಬೂದಿ ಚರ್ಮ ಸುಡುತ್ತದೆ, ಹಾಗಾಗಿ ಗ್ಲೌಸ್, ತುಂಬುತೋಳು, ಕಣ್ಣಿಗೆ ಗಾಗಲ್ಸ್, ಮುಖಕ್ಕೆ ಎನ್‌95. ಗಡ್ಡವಿದ್ದರೆ ಮಾಸ್ಕ್ ಅಂಚು ಕೂರುವುದಿಲ್ಲ. ಮಕ್ಕಳು, ಸಾಕುಪ್ರಾಣಿಗಳು ಕೆಲಸ ಮುಗಿಯುವವರೆಗೆ ದೂರ.

ದಿನ 3. ಪೂರ್ತಿ ಒಣ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ: ಮಸಿ ಕಂಡ ಕೂಡಲೇ ಒದ್ದೆ ಬಟ್ಟೆ ಹಿಡಿಯುತ್ತಾರೆ. ಮಸಿಯಲ್ಲಿ ಎಣ್ಣೆಯಂಥ ಅಂಶವಿದೆ. ನೀರು ಸೋಕಿದರೆ ಅದು ಪೇಂಟಿನ ಸಣ್ಣ ರಂಧ್ರಗಳಿಗೆ ಇಳಿದು ಕಲೆಯಾಗಿ ಉಳಿಯುತ್ತದೆ.

ಮೊದಲು ಹೆಪಾ ವ್ಯಾಕ್ಯೂಮ್, ಸೂರಿನಿಂದ ಕೆಳಕ್ಕೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡ ಹಿಡಿಯುತ್ತದೆ, ಆದರೆ ಯಂತ್ರದ ಮೈಯಲ್ಲೇ ಸೋರಿಕೆ ಇದ್ದರೆ ಈ ಅಂಕಿಗೆ ಅರ್ಥವಿಲ್ಲ. ಸಾಮಾನ್ಯ ವ್ಯಾಕ್ಯೂಮ್ ಮುಂದಿನಿಂದ ಎಳೆದ ನುಣುಪು ಬೂದಿಯನ್ನು ಹಿಂದಿನಿಂದ ಊದುತ್ತದೆ. ಪೊರಕೆಯ ಕಥೆಯೂ ಅಷ್ಟೆ. ಫ್ಯಾನಿನ ರೆಕ್ಕೆಯ ಮೇಲ್ಭಾಗ, ಬೀರುವಿನ ನೆತ್ತಿ, ಕಿಟಕಿಯ ಹಳಿ, ಸೊಳ್ಳೆ ಜಾಲರಿ: ಬೂದಿಯ ಮುಕ್ಕಾಲು ಪಾಲು ಇಂಥಲ್ಲೇ ಸಿಕ್ಕಿತು.

ಆಮೇಲೆ ಡ್ರೈ ಸ್ಪಾಂಜ್, ಅಂದರೆ ಮಸಿ ಒರೆಸಲೆಂದೇ ಮಾಡಿದ ರಬ್ಬರಿನ ಸ್ಪಾಂಜ್. ಮೇಲಿಂದ ಕೆಳಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು, ಉಜ್ಜಬಾರದು, ಸುತ್ತಿಸಬಾರದು. ಮುಖ ಕಪ್ಪಾದರೆ ತಿರುಗಿಸಿ, ಎಲ್ಲ ಮುಖವೂ ಕಪ್ಪಾದರೆ ಚಾಕುವಿನಿಂದ ತೆಳುವಾಗಿ ಸೀಳಿ ಹೊಸ ಮುಖ ತೆಗೆಯಿರಿ. ತೊಳೆದರೆ ಸ್ಪಾಂಜ್ ಕೆಟ್ಟಿತು. ಬಿಳಿ ಹತ್ತಿ ಬಟ್ಟೆಯಲ್ಲಿ ಒಣಗೇ ಒರೆಸಿ ನೋಡಿದಾಗ ಬೂದು ಬಣ್ಣ ಬರದಿದ್ದರೆ ಆ ಗೋಡೆ ಮುಗಿಯಿತು.

ದಿನ 4. ಒದ್ದೆ ಕೆಲಸ. ಎರಡು ಬಕೆಟ್: ಒಂದರಲ್ಲಿ 10 ಲೀಟರ್ ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ದ್ರವ 2 ದೊಡ್ಡ ಚಮಚ, ಇನ್ನೊಂದರಲ್ಲಿ ಬರೀ ನೀರು. ಒಣ ಕೆಲಸ ಮೇಲಿಂದ ಕೆಳಗಾದರೆ, ಗೋಡೆಗೆ ಸೋಪುನೀರು ಕೆಳಗಿನಿಂದ ಮೇಲಕ್ಕೆ. ಒಣಗೋಡೆಯ ಮೇಲೆ ಕೊಳೆನೀರು ಇಳಿದರೆ ಬೀಳುವ ಗೆರೆ ಸುಲಭಕ್ಕೆ ಹೋಗದು. ಬರೀ ನೀರಿನಲ್ಲಿ ಒರೆಸುವಾಗ ಮತ್ತೆ ಮೇಲಿಂದ. ನೆಲ ಕೊನೆಗೆ. ಗಾಜಿಗೆ ವಿನೆಗರ್ ಸರಿ, ಅಮೃತಶಿಲೆಗೆ ಬೇಡ. ಬ್ಲೀಚ್ ಹೊಗೆ ವಾಸನೆಗೆ ಉಪಯೋಗಕ್ಕಿಲ್ಲ. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೆ ವಿಷಾನಿಲ.

ದಿನ 5. ಬಟ್ಟೆ. ಹೊರಗೆ ಜಾಡಿಸಿ, ಮೊದಲು ತಣ್ಣೀರಿನಲ್ಲಿ ಒಮ್ಮೆ, ಆಮೇಲೆ ಡಿಟರ್ಜೆಂಟ್ ಹಾಕಿ. ಮಷಿನ್ ಅರ್ಧ ಮಾತ್ರ ತುಂಬಿದರೆ ನೀರು ಚೆನ್ನಾಗಿ ಹಾಯುತ್ತದೆ. ಒದ್ದೆ ಇರುವಾಗಲೇ ಮೂಸಿ ನೋಡಿ, ವಾಸನೆ ಇದ್ದರೆ ಮತ್ತೆ ಒಗೆಯಿರಿ. ಡ್ರೈಯರ್, ಇಸ್ತ್ರಿ ಎರಡೂ ಆಮೇಲೆ. ಬಿಸಿಗೆ ಸಿಕ್ಕ ವಾಸನೆ ಬಟ್ಟೆಯಲ್ಲೇ ಬೇರೂರುತ್ತದೆ. ಎಸಿ ಫಿಲ್ಟರ್, ಫ್ರಿಜ್ಜಿನ ಹಿಂದಿನ ಕಾಯಿಲ್ ಇವತ್ತೇ, ಪ್ಲಗ್ ಕಿತ್ತ ಮೇಲೆ.

ದಿನ 6. ಗಾಳಿಯಲ್ಲಿನ ಅತಿ ಸಣ್ಣ ಕಣಗಳನ್ನು ಅಳೆಯುವ ಪಿಎಂ 2.5 ಮೀಟರ್ ಹತ್ತಕ್ಕಿಂತ ಕಡಿಮೆ ತೋರಿಸುತ್ತಿದೆ, ಮಧ್ಯಾಹ್ನದ ಬಿಸಿಗೆ ವಾಸನೆ ಮಾತ್ರ ಮರಳಿತು. ಇದರಲ್ಲಿ ವಿರೋಧವೇನಿಲ್ಲ: ಮೀಟರ್ ಎಣಿಸುವುದು ಕಣಗಳನ್ನು, ಮೂಗು ಹಿಡಿಯುವುದು ಅನಿಲಗಳನ್ನು. ಆ ಅನಿಲಗಳು ಗೋಡೆ, ಬಟ್ಟೆಗಳ ಮೇಲೆ ಅಂಟಿ ಕೂತು, ಬಿಸಿಯಾದಾಗ ಮತ್ತೆ ಹೊರಬೀಳುತ್ತವೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್‌ನ ಪ್ರಯೋಗ ಮನೆಯೊಳಗೆ ಹೊಗೆ ಬಿಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು: ಪ್ಯೂರಿಫೈಯರ್ ಓಡುವಾಗ ಮಾತ್ರ ಅನಿಲ ತಗ್ಗುತ್ತದೆ, ಒರೆಸಿ ಸಾರಿಸಿದರೆ ಇಳಿಕೆ ಉಳಿಯುತ್ತದೆ.

ವಾಸನೆಯ ಅನಿಲ ಹೀರಲೆಂದು ಪ್ಯೂರಿಫೈಯರ್‌ನಲ್ಲಿಡುವ, ಇಂಗಾಲ ಸವರಿದ ತೆಳು ಹಾಳೆ ಬೇಗ ತುಂಬಿಹೋಗುತ್ತದೆ. ಕಿಲೋಗಟ್ಟಲೆ ಸಕ್ರಿಯ ಇಂಗಾಲದ ಹರಳು ಇರುವ ಯಂತ್ರವಾದರೆ ಮಾತು ಬೇರೆ. ವಾಸನೆ ತೆಗೆಯಲೆಂದು ಓಝೋನ್ ಯಂತ್ರ ಬಾಡಿಗೆಗೆ ಸಿಗುತ್ತದೆ, ತರಲಿಲ್ಲ: ಓಝೋನ್ ಶ್ವಾಸಕೋಶಕ್ಕೆ ಹಾನಿ, ರಬ್ಬರನ್ನೂ ಸೀಳುತ್ತದೆ.

ಬಾಕಿ ಇರುವುದು: ಗೋಡೆಗಳಿಗೆ ಎರಡನೇ ಸುತ್ತು ಸೋಪುನೀರು, ಸೋಫಾದ ಕುಶನ್ ಒಳಗಿನ ಫೋಮ್. ಹೊದಿಕೆ ತೊಳೆದರೂ ಫೋಮ್ ನಾರುತ್ತಿದೆ. ನಾಲ್ಕು ದಿನ ಗಾಳಿಗಿಟ್ಟು ನೋಡುವುದು, ಆಗದಿದ್ದರೆ ಬದಲಿಸುವುದು.