ಮೆಟ್ಟಿಲು ಎಣಿಸಿ ಬೆಲೆ ಕಟ್ಟುವ ನಾಣ್ಯ

ಅಮೆರಿಕದ ಹಳೆಯ ಐದು ಸೆಂಟಿನ ನಾಣ್ಯಗಳನ್ನು ನೋಡುತ್ತಿದ್ದಾಗ, ಕಡಿಮೆ ಸಂಖ್ಯೆಯಲ್ಲಿ ಅಚ್ಚಾದದ್ದೇ ದುಬಾರಿ ಎಂಬ ನಮ್ಮ ಸಾಮಾನ್ಯ ಲೆಕ್ಕಾಚಾರ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ ಎನ್ನಿಸಿತು. 1950ರಲ್ಲಿ ಡೆನ್ವರ್ ಟಂಕಸಾಲೆ ಅಚ್ಚು ಹಾಕಿದ್ದು ಸುಮಾರು 26 ಲಕ್ಷ ಮಾತ್ರ. ಆದರೆ ಸುದ್ದಿ ತಿಳಿದ ಜನ ಹೊಸ ನಾಣ್ಯಗಳನ್ನು ಸುರುಳಿಗಟ್ಟಲೆ ಕೂಡಿಟ್ಟದ್ದರಿಂದ, ಬಳಕೆಯಾಗದ ಪ್ರತಿಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದವು 1.9 ಕೋಟಿಗೂ ಹೆಚ್ಚು. ಆದರೂ ಹಿಂಬದಿಯಲ್ಲಿರುವ, ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ನರ ಮಾಂಟಿಚೆಲೊ ಮನೆಯ ಐದಾರು ಮೆಟ್ಟಿಲುಗಳು ಎಲ್ಲಿಯೂ ಕಲಸಿಹೋಗದೆ, ಗೆರೆ ಗೆರೆಯಾಗಿ ಬಿಡಿಸಿ ಕಾಣುವ ಪ್ರತಿ ಅವುಗಳಲ್ಲಿ ತೀರಾ ಅಪರೂಪ, ಹಾಗಾಗಿಯೇ ದುಬಾರಿ. ಸವೆದ ಅಚ್ಚು, ಸಾಲದ ಒತ್ತಡ, ಗಟ್ಟಿ ಲೋಹ ಇವೆಲ್ಲ ಸೇರಿ, ಒಮ್ಮೆಯೂ ಯಾರ ಕೈಗೂ ಹೋಗದ ಹೊಳೆಯುವ ನಾಣ್ಯದಲ್ಲೂ ಆ ಮೆಟ್ಟಿಲುಗಳನ್ನು ಮಸುಕಾಗಿಸಿಬಿಡುತ್ತವೆ. ಕೂದಲೆಳೆಯಷ್ಟು ಗೆರೆಗಾಗಿ ಇಷ್ಟು ಹಣವೇ ಎಂದು ಮನೆಯವರು ನಕ್ಕರೆ ನಾನು ವಾದಿಸಲಾರೆ. ಯುದ್ಧಕಾಲದ, ಅಂದರೆ 1942ರಿಂದ 1945ರವರೆಗಿನ, ಶೇ. 35 ಬೆಳ್ಳಿ ಬೆರೆತ ನಾಣ್ಯಗಳ ಕಥೆ ಬೇರೆ: ಮಾಂಟಿಚೆಲೊದ ಗುಮ್ಮಟದ ಮೇಲೆ ಯಾವ ಟಂಕಸಾಲೆಯದೆಂದು ಹೇಳುವ ದೊಡ್ಡ ಅಕ್ಷರ ಹೊತ್ತಿರುವ ಇವು ಎಷ್ಟೇ ಸವೆದಿದ್ದರೂ ಬೆಳ್ಳಿಯ ದರ ಇವುಗಳ ಕೈಬಿಡುವುದಿಲ್ಲ.