ಒರಳುಕಲ್ಲಿನ ದೃಶ್ಯ: ಚಿತ್ರೀಕರಣದ ಒಂಬತ್ತನೆಯ ದಿನ

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸಮೀಪದ ಹೆಂಚಿನ ಮನೆಯೊಂದರಲ್ಲಿ ನಡೆಯುತ್ತಿರುವ ನಮ್ಮ ಚಿತ್ರೀಕರಣ ಒಂಬತ್ತು ದಿನ ಪೂರೈಸಿದ್ದು, 62 ದೃಶ್ಯಗಳ ಪೈಕಿ 31 ಮುಗಿದಿವೆ. ಅಣ್ಣತಮ್ಮಂದಿರು ಪಾಲಾಗುವ ದಿನ, ತೋಟ, ಕಣ, ಪಾತ್ರೆಪಗಡಗಳೆಲ್ಲ ಹಂಚಿಕೆಯಾದ ಮೇಲೆ ಅವ್ವನ ಒರಳುಕಲ್ಲು ಯಾರಿಗೆಂಬ ಜಗಳಕ್ಕೆ ಬಂದು ನಿಲ್ಲುವ ಈ ಕಥೆಯನ್ನು ನಮ್ಮ ತಂಡ ಮೂರು ವರ್ಷ ರಂಗದ ಮೇಲೆ ಆಡಿದೆ. ಆ ಅನುಭವವೇ ಈಗ ತೊಡಕಾಗುತ್ತದೆಂದು ನಾವು ಎಣಿಸಿರಲಿಲ್ಲ.

"ಒರಳು ನಿನಗಿರಲಿ, ಗುಂಡು ನನಗಿರಲಿ" ಎಂದು ಅಣ್ಣ ಹೇಳಿದ ಕೂಡಲೇ ಪ್ರತಿ ಪ್ರದರ್ಶನದಲ್ಲೂ ಸಭೆ ನಗುತ್ತಿತ್ತು. ಆ ನಗು ಇಳಿಯುವವರೆಗೆ ಸುಮಾರು ನಾಲ್ಕು ಸೆಕೆಂಡು ಕಾಯುವುದು ತಮ್ಮನ ಪಾತ್ರಧಾರಿಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿತ್ತು. ನಗುವವರೇ ಇಲ್ಲದ ನಡುಮನೆಯಲ್ಲಿ ಕ್ಯಾಮೆರಾ ಹತ್ತಿರದಿಂದ ನೋಡುವಾಗ ಅದೇ ನಾಲ್ಕು ಸೆಕೆಂಡು, ಮಾತು ಮರೆತು ನಿಂತವನ ಮೌನದಂತೆ ಕಾಣಿಸಿತು. ಕಾಯಬೇಡಿ ಎಂದಷ್ಟೂ ಅವರು ಇನ್ನಷ್ಟು ಎಚ್ಚರದಿಂದ ಕಾದರು. ಏಳನೆಯ ಟೇಕಿಗೆ ನಾನು ಉಪದೇಶ ನಿಲ್ಲಿಸಿ, ಒರಳಿಗೆ ನೆನೆಸಿದ ಅಕ್ಕಿ ಹಾಕಿಸಿ ಅವರನ್ನು ರುಬ್ಬಲು ಕೂರಿಸಿದೆ. ಅಣ್ಣನ ಮಾತು ಮುಗಿಯುತ್ತಿದ್ದಂತೆ ಗುಂಡು ನಿಂತಿತು. ಅವರು ಒರಳಿನ ಅಂಚಿಗೆ ಮೆತ್ತಿದ್ದ ಹಿಟ್ಟನ್ನು ಬೆರಳಿನಿಂದ ಬಳಿದು ಒಳಕ್ಕೆ ತಳ್ಳಿ, ಮತ್ತೆ ತಿರುವತೊಡಗಿದರು. ಮುಂದಿನ ಮಾತನ್ನು ಆಡಲೇ ಇಲ್ಲ. ನಾಟಕ ಬರೆದವನು ನಾನೇ ಆದ್ದರಿಂದ ಆ ಸಾಲಿನ ಮೇಲೆ ಮೋಹವಿತ್ತು, ಆದರೂ ಅದನ್ನು ಹೊಡೆದುಹಾಕಿದ್ದೇನೆ.

ತಾಂತ್ರಿಕ ತೊಂದರೆಗಳಲ್ಲಿ ಟ್ಯೂಬ್‌ಲೈಟಿನದು ಬೇಗ ಬಗೆಹರಿಯಿತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಕ್ಯಾಮೆರಾದ ಶಟರ್ ವೇಗವನ್ನು 1/60 ಸೆಕೆಂಡಿನಿಂದ 1/50ಕ್ಕೆ ಬದಲಿಸಿದಾಗ ಚಿತ್ರದ ಮೇಲೆ ಹರಿದಾಡುತ್ತಿದ್ದ ಪಟ್ಟೆಗಳು ಮಾಯವಾದವು. ಧ್ವನಿಯದು ಹಾಗಲ್ಲ. ಅರೇಬಿಕಾ ಕಾಫಿಯ ಕೊಯ್ಲಿನ ಕಾಲವಾದ್ದರಿಂದ ಅಂದು ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಬೇಕು. ಪಕ್ಕದ ತೋಟದ ಯಂತ್ರ ಸಂಜೆ ಶುರುವಾದರೆ ರಾತ್ರಿಯವರೆಗೂ ನಿಲ್ಲುವುದಿಲ್ಲ. ಅವರ ವರ್ಷದ ದುಡಿಮೆಯನ್ನು ನಮ್ಮ ಮೈಕಿಗಾಗಿ ನಿಲ್ಲಿಸಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಾತಿರುವ ರಾತ್ರಿಯ ದೃಶ್ಯಗಳನ್ನು ಬೆಳಗಿನ ಜಾವ ನಾಲ್ಕಕ್ಕೆ ಸರಿಸಿದ್ದೇವೆ. ಡಬ್ಬಿಂಗ್‌ಗೆ ಕೊಡುವ ಹಣ ಉಳಿದರೆ ವ್ಯಾನಿನ ಬಾಡಿಗೆಗಾದರೂ ಆಗುತ್ತದೆ.

ನಾಳೆ ಪಂಚಾಯ್ತಿಯ ದೃಶ್ಯ. ಅದರಲ್ಲಿ ಸಭೆ ನಗುತ್ತಿದ್ದ ಜಾಗಗಳು ಹನ್ನೊಂದಿವೆ. ಚಿತ್ರಕಥೆಯ ಪ್ರತಿಯಲ್ಲಿ ಅವಕ್ಕೆಲ್ಲ ಕೆಂಪು ಗುರುತು ಹಾಕಿ, ಆಗ ಯಾರ ಕೈಗೆ ಏನು ಕೆಲಸ ಕೊಡುವುದೆಂದು ಈಗ ಬರೆಯುತ್ತಿದ್ದೇನೆ.